ಕ್ಯಾಮೆರಾಗೆ ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಕೈಯಲ್ಲಿಟ್ಟುಕೊಳ್ಳಬೇಕು?

ಪ್ರಶ್ನೆ: ನಾನು ಬೀದರಿನವನು. ನಮ್ಮ ಮನೆಯಲ್ಲಿ ಬಿದ್ರಿ ಕೆಲಸ ನಡೆಯುತ್ತದೆ. ಮಾರಾಟಕ್ಕೆ ಬೇಕಾದ ಹೂಜಿ, ತಟ್ಟೆ, ಹೂದಾನಿಗಳ ಫೋಟೊಗಳನ್ನು ನಾನೇ ತೆಗೆಯುತ್ತೇನೆ. ಈಚೆಗೆ 18-55 ಎಂಎಂ ಜೂಮ್ ಲೆನ್ಸ್ ಜೊತೆಗೆ ಬರುವ ಮಿರರ್‌ಲೆಸ್ ಕ್ಯಾಮೆರಾ ಕೊಂಡಿದ್ದೇನೆ. ಆಟೋದಲ್ಲಿ ತೆಗೆದರೆ ಬಿದ್ರಿಯ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ, ಅದೂ ಒಂದೊಂದು ಫೋಟೊದಲ್ಲಿ ಒಂದೊಂದು ತರಹ. ‘ನಿಜವಾದ ಛಾಯಾಗ್ರಾಹಕ ಎಂ ಮೋಡ್ (ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನ್ಯುವಲ್) ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ’ ಎಂದು ಸ್ನೇಹಿತರು ಹೇಳಿದ್ದರಿಂದ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯನ್ನು ಪೂರ್ತಿ ಎಂ ಮೋಡ್‌ನಲ್ಲೇ ತೆಗೆದೆ. ತೇರಿನ ಫೋಟೊಗಳಲ್ಲಿ ಅರ್ಧಕ್ಕರ್ಧ ಕೆಟ್ಟವು. ಯಂತ್ರವನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು? ಇನ್ನೊಂದು ಮಾತು: ನಮ್ಮ ತಂದೆಯವರ ಹಳೆಯ ಫಿಲ್ಮ್ ಕ್ಯಾಮೆರಾದ 50 ಎಂಎಂ ಲೆನ್ಸ್ ಮನೆಯಲ್ಲಿದೆ, ಅದಕ್ಕೆ ಆಟೋಫೋಕಸ್ ಇಲ್ಲ. ಮಾರಿಬಿಡಲೆ?

ಉತ್ತರ: ನಿಮ್ಮ ಎರಡು ಅನುಭವಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಉತ್ತರದ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ. ಮನೆಯಲ್ಲಿ ಹೂಜಿಯ ಫೋಟೊ ತೆಗೆಯುವಾಗ ಬೆಳಕು ನಿಂತಲ್ಲೇ ನಿಂತಿತ್ತು, ವಸ್ತುವೂ ಅಲುಗಾಡುತ್ತಿರಲಿಲ್ಲ, ಆ ಕಪ್ಪು ಎಷ್ಟು ಕಪ್ಪಾಗಿರಬೇಕು ಎಂಬುದು ನಿಮಗೆ ಚೆನ್ನಾಗಿ ಗೊತ್ತಿತ್ತು, ಕ್ಯಾಮೆರಾಗೆ ಗೊತ್ತಿರಲಿಲ್ಲ. ಅಲ್ಲಿ ನೀವು ನಿರ್ಧಾರವನ್ನು ಕ್ಯಾಮೆರಾಗೆ ಬಿಟ್ಟಿರಿ. ತೇರಿನ ಮುಂದೆ ಬೆಳಕು, ಜನ, ದೂರ ಎಲ್ಲವೂ ಕ್ಷಣಕ್ಷಣಕ್ಕೆ ಬದಲಾಗುತ್ತಿದ್ದವು, ಬೆರಳಿಗಿಂತ ಬೇಗ ಲೆಕ್ಕ ಹಾಕಬಲ್ಲ ಯಂತ್ರ ಕೈಯಲ್ಲೇ ಇತ್ತು. ಅಲ್ಲಿ ಎಲ್ಲವನ್ನೂ ನೀವೇ ಹೊತ್ತುಕೊಂಡಿರಿ. ಆದ್ದರಿಂದ ಪ್ರತಿ ಸಲವೂ ಕೇಳಿಕೊಳ್ಳಬೇಕಾದದ್ದು ‘ನಾನು ಯಾವ ಮೋಡ್‌ನಲ್ಲಿದ್ದೇನೆ’ ಎಂದಲ್ಲ. ಈ ದೃಶ್ಯದಲ್ಲಿ ನನ್ನ ಕೈಗಿಂತ ವೇಗವಾಗಿ ಬದಲಾಗುತ್ತಿರುವುದು ಯಾವುದು, ನನಗೆ ಮಾತ್ರ ಗೊತ್ತಿರುವುದು ಯಾವುದು ಎಂದು ಕೇಳಿಕೊಳ್ಳಿ. ಮೊದಲನೆಯದನ್ನು ಕ್ಯಾಮೆರಾಗೆ ಬಿಡಿ, ಎರಡನೆಯದನ್ನು ಬಿಡಬೇಡಿ.

ಕಪ್ಪು ಏಕೆ ಬೂದಿಯಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಕ್ಯಾಮೆರಾದ ಮೀಟರ್ ವಸ್ತುವಿನಿಂದ ಮರಳಿ ಬಂದ ಬೆಳಕನ್ನು ಮಾತ್ರ ಅಳೆಯುತ್ತದೆ. ಕಡಿಮೆ ಬೆಳಕು ಬಂದರೆ ಅದು ಕೋಣೆ ಕತ್ತಲಾಗಿರುವುದರಿಂದಲೋ, ವಸ್ತುವೇ ಕಪ್ಪಾಗಿರುವುದರಿಂದಲೋ ಎಂಬುದು ಆ ಅಳತೆಯಿಂದ ತಿಳಿಯುವುದಿಲ್ಲ. ಹಾಗಾಗಿ ಎದುರಿಗಿರುವ ದೃಶ್ಯದ ಸರಾಸರಿಯು ನಡುಬೂದಿ, ಅಂದರೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 18ರಷ್ಟನ್ನು ಹಿಂದಿರುಗಿಸುವ ಬಣ್ಣ ಎಂದು ಊಹಿಸಿಕೊಂಡು ಲೆಕ್ಕ ಹಾಕುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ಲೇಪದಿಂದ ಕಪ್ಪು ಹಿಡಿಸಿದ ಬಿದ್ರಿ ಆ ಊಹೆಗೆ ಪೂರ್ತಿ ವಿರುದ್ಧವಾದ ವಸ್ತು. ಅದು ಚೌಕಟ್ಟನ್ನು ತುಂಬಿದೊಡನೆ ಕ್ಯಾಮೆರಾ ಬೆಳಕು ಸಾಲದೆಂದು ತಿಳಿದು ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಏರಿಸುತ್ತದೆ. ಆಗ ಕಪ್ಪು ಬೂದಿಯಾಗುತ್ತದೆ, ಬೆಳ್ಳಿಯ ತಂತಿ ತನ್ನ ಗೆರೆಯನ್ನೇ ಕಳೆದುಕೊಂಡು ಬಿಳಿ ಮಸುಕಾಗುತ್ತದೆ. ನಿಮ್ಮೂರಿನ ನಾನಕ್ ಝಿರಾ ಗುರುದ್ವಾರದ ಬಿಳಿ ಗೋಡೆಯನ್ನು ತೆಗೆದಾಗ ಇದರ ತಿರುವುಮುರುವು ನಡೆದು ಬಿಳುಪು ಮಾಸಿದಂತೆ ಬರುತ್ತದೆ. ಈಗಿನ ಕ್ಯಾಮೆರಾಗಳು ಚೌಕಟ್ಟನ್ನು ಹಲವು ಭಾಗಗಳಾಗಿ ಅಳೆದು, ಮುಖ, ಆಕಾಶಗಳನ್ನು ಗುರುತಿಸಿ ಈ ತಪ್ಪನ್ನು ಬಹಳ ಮಟ್ಟಿಗೆ ತಗ್ಗಿಸಿವೆ ಎಂಬುದು ನಿಜ. ಆದರೆ ಮುಖವೂ ಇಲ್ಲದ, ಆಕಾಶವೂ ಇಲ್ಲದ ಒಂದು ಕಪ್ಪು ಹೂಜಿಯ ಮುಂದೆ ಅವುಗಳಿಗೆ ಹಿಡಿದುಕೊಳ್ಳಲು ಯಾವ ಆಧಾರವೂ ಇರುವುದಿಲ್ಲ.

ಇಲ್ಲಿ ನಿಮ್ಮ ಸ್ನೇಹಿತರ ಮಾತಿಗೆ ಬರಬೇಕು. ಎಂ ಮೋಡ್‌ಗೆ ಹೋಗಿ, ಕೆಳಗೆ ಕಾಣುವ ಮೀಟರಿನ ಗುರುತು ಸೊನ್ನೆಗೆ ಬರುವವರೆಗೆ ಷಟರ್ (ಬೆಳಕನ್ನು ಎಷ್ಟು ಹೊತ್ತು ಒಳಬಿಡಬೇಕು ಎಂಬುದರ) ಡಯಲ್ ತಿರುಗಿಸಿ ಕ್ಲಿಕ್ ಮಾಡುವುದನ್ನು ಅನೇಕರು ಮ್ಯಾನ್ಯುವಲ್ ಛಾಯಾಗ್ರಹಣ ಎಂದು ಕರೆಯುತ್ತಾರೆ. ಸೊನ್ನೆ ಎಲ್ಲಿರಬೇಕೆಂದು ಹೇಳುತ್ತಿರುವುದು ಅದೇ ಮೀಟರ್, ಅದೇ ನಡುಬೂದಿಯ ಊಹೆ. ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಮಾತ್ರ ನೀವು ಆರಿಸಿಕೊಂಡು ಷಟರನ್ನು ಯಂತ್ರಕ್ಕೆ ಬಿಡುವ ಅಪರ್ಚರ್ ಪ್ರಯಾರಿಟಿ, ಅಂದರೆ ಎ ಮೋಡ್‌ನಲ್ಲಿ ಕ್ಯಾಮೆರಾ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಡುವ ಕೆಲಸವನ್ನೇ ನಿಮ್ಮ ಕೈಯಿಂದ ನಿಧಾನವಾಗಿ ಮಾಡಿಸಲಾಗುತ್ತಿದೆ, ಫಲ ಒಂದೇ. ಕೈಯ ಹಿಡಿತ ಎನ್ನಬೇಕಾದದ್ದು ಆ ಸೊನ್ನೆಯನ್ನು ಒಪ್ಪದಿರುವ ನಿರ್ಧಾರವನ್ನು. ಎ ಮೋಡ್‌ನಲ್ಲಿದ್ದುಕೊಂಡೇ ಮೀಟರಿನ ಲೆಕ್ಕವನ್ನು ಏರಿಸುವ ಇಲ್ಲವೆ ಇಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿಯಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಇಳಿಸಿ ಬಿದ್ರಿಯ ಕಪ್ಪನ್ನು ಉಳಿಸಿಕೊಂಡವರು, ಎಂ ಮೋಡ್‌ನಲ್ಲಿ ಸೊನ್ನೆ ಹುಡುಕುವವರಿಗಿಂತ ಹೆಚ್ಚು ಹಿಡಿತದಲ್ಲಿದ್ದಾರೆ ಎಂದೇ ನನ್ನ ಖಚಿತ ಅಭಿಪ್ರಾಯ.

ಯಂತ್ರದ ನೆರವು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ತಾನೇ ಎಕ್ಸ್‌ಪೋಷರ್ ಹೊಂದಿಸಿಕೊಳ್ಳುವ ಕೊಡ್ಯಾಕ್ ಸೂಪರ್ ಸಿಕ್ಸ್-20 ಕ್ಯಾಮೆರಾ 1938ರಲ್ಲೇ ಬಂದಿತ್ತು. 1976ರ ಕೆನಾನ್ ಎಇ-1, ಷಟರನ್ನು ನಾವು ಆರಿಸಿಕೊಂಡರೆ ಅಪರ್ಚರನ್ನು ತಾನೇ ಹೊಂದಿಸುವ ಷಟರ್ ಪ್ರಯಾರಿಟಿಯನ್ನು ಮೈಕ್ರೊಪ್ರೊಸೆಸರ್ ಸಮೇತ ಸಾಮಾನ್ಯರ ಕೈಗೆ ಕೊಟ್ಟಿತು, 1983ರಲ್ಲಿ ನಿಕಾನ್ ಎಫ್‌ಎ ಚೌಕಟ್ಟನ್ನು ಭಾಗಗಳಾಗಿ ಅಳೆಯುವ ಮೀಟರಿಂಗ್ ತಂದಿತು, 1985ರಲ್ಲಿ ಮಿನೋಲ್ಟಾ 7000 ದೇಹದೊಳಗೇ ಆಟೋಫೋಕಸ್ ಇಟ್ಟುಕೊಂಡು ಬಂದಿತು. ನಿಮ್ಮ ಮಿರರ್‌ಲೆಸ್‌ನಲ್ಲಿ ಎಂ ಎಂದು ತಿರುಗಿಸಿದಾಗಲೂ ಲೆನ್ಸಿನ ವಕ್ರತೆಯನ್ನು ತಿದ್ದುವುದು, ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ತೆಗೆಯುವುದು, ಕ್ಯಾಮೆರಾ ಸಿದ್ಧಪಡಿಸಿ ಕೊಡುವ ಚಿತ್ರದ ಫೈಲಾದ ಜೆಪೆಗ್‌ನ ಬಣ್ಣ ಕೂಡಿಸುವುದು ಎಲ್ಲವೂ ಒಳಗೆ ತಾನಾಗಿಯೇ ನಡೆಯುತ್ತಿರುತ್ತದೆ. ಹಾಗಾಗಿ ಪೂರ್ತಿ ಮ್ಯಾನ್ಯುವಲ್ ಎಂಬ ಹೆಮ್ಮೆಗೆ ಆಧಾರವಿಲ್ಲ. ಯಾವ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದೇವೆ ಎಂಬ ಅರಿವು ಇದ್ದರೆ ಸಾಕು.

ಇನ್ನು ನಿಮ್ಮ ಹೂಜಿಗಳ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದು ನಿಮ್ಮ ಮನೆಯ ಅನ್ನದ ಪ್ರಶ್ನೆ, ಬಿದ್ರಿಯನ್ನು ಕಣ್ಣಾರೆ ಕಂಡಿರದ ಗಿರಾಕಿ ಫೋಟೊ ನೋಡಿಯೇ ಬೆಲೆ ಕಟ್ಟುತ್ತಾನೆ. ಒಂದೊಂದು ಫೋಟೊದಲ್ಲಿ ಒಂದೊಂದು ತರಹದ ಕಪ್ಪು ಬರುತ್ತದೆ ಎಂದಿದ್ದೀರಿ. ತೆಳು ತಂತಿಯ ತಾರಕಶಿ ಕೆಲಸದ ಹೂಜಿಯಲ್ಲಿ ಕಪ್ಪೇ ಹೆಚ್ಚು. ಬೆಳ್ಳಿ ತಗಡು ಕೂರಿಸಿದ ತಟ್ಟೆಯಲ್ಲಿ ಬಿಳುಪೇ ಹೆಚ್ಚು. ಆಟೋದಲ್ಲಿ ಕ್ಯಾಮೆರಾ ಪ್ರತಿಯೊಂದಕ್ಕೂ ಹೊಸದಾಗಿ ಸರಾಸರಿ ತೆಗೆಯುವುದರಿಂದ ಹೂಜಿ ಬೂದಿಯಾಗಿಯೂ ತಟ್ಟೆ ಕಡುಕಪ್ಪಾಗಿಯೂ ಬರುತ್ತದೆ, ಒಂದೇ ಕುಲುಮೆಯಿಂದ ಬಂದ ಎರಡು ವಸ್ತುಗಳು ಬೇರೆ ಬೇರೆ ಲೋಹದವುಗಳಂತೆ ಕಾಣುತ್ತವೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಕೂಡ ಹಾಗೆಯೇ: ಹಿಂದೆ ಕೆಂಪು ಬಟ್ಟೆ ಹಾಸಿದರೆ ಒಂದು ಛಾಯೆ, ಬಿಳಿ ಹಾಸಿದರೆ ಇನ್ನೊಂದು.

ಇಲ್ಲಿ ಎಲ್ಲವನ್ನೂ ಕೈಗೆ ತೆಗೆದುಕೊಳ್ಳಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ, ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿ, ಕೋಣೆಯೊಳಗಿನ ದೀಪಗಳನ್ನೆಲ್ಲ ಆರಿಸಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100 ಇರಲಿ, ಅಪರ್ಚರ್ ಎಫ್/8 ಅಥವಾ ಎಫ್/11 ಇರಲಿ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಹೂಜಿಯ ಮುಂದಿನ ಉಬ್ಬೂ ಪಕ್ಕದ ಬಾಗೂ ಸ್ಪಷ್ಟವಾಗಿ ಬರಲು ಅಷ್ಟು ಬೇಕು, ಅದಕ್ಕಿಂತ ಬಹಳ ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಚದುರಿ ತಂತಿಯ ಚೂಪು ಮಸುಕಾಗುತ್ತದೆ. ಹೂಜಿ ಇಡುವ ಜಾಗದಲ್ಲಿ ಮೊದಲು 18 ಶೇಕಡದ ಬೂದಿ ಕಾರ್ಡ್ ಇಟ್ಟು, ಅದು ಚೌಕಟ್ಟು ತುಂಬುವಂತೆ ನೋಡಿ, ಮೀಟರಿನ ಗುರುತನ್ನು ಸೊನ್ನೆಗೆ ತನ್ನಿ. ಸೊನ್ನೆಯನ್ನು ನಂಬಬಹುದಾದ ಜಾಗ ಇದೊಂದೇ, ಏಕೆಂದರೆ ಕ್ಯಾಮೆರಾ ಊಹಿಸಿಕೊಂಡ ಬೂದಿಯನ್ನೇ ನೀವು ಅದರ ಮುಂದಿಟ್ಟಿದ್ದೀರಿ. ಷಟರ್ ಎಷ್ಟು ನಿಧಾನಕ್ಕೆ ಇಳಿದರೂ ಚಿಂತೆಯಿಲ್ಲ, ಹೂಜಿ ಎದ್ದು ಹೋಗುವುದಿಲ್ಲ. ಅದೇ ಕಾರ್ಡ್‌ನಿಂದ ಕಸ್ಟಮ್ ವೈಟ್ ಬ್ಯಾಲೆನ್ಸ್ ಕೂಡ ಹಿಡಿದುಕೊಳ್ಳಿ. ಆಮೇಲೆ ಕಾರ್ಡ್ ತೆಗೆದು ಹೂಜಿ ಇಟ್ಟಾಗ ಮೀಟರಿನ ಗುರುತು ‘ಕಡಿಮೆ’ ಕಡೆಗೆ ಜಾರುತ್ತದೆ. ಅದನ್ನು ಲೆಕ್ಕಿಸಬೇಡಿ, ಡಯಲ್ ಮುಟ್ಟಬೇಡಿ. ಕಪ್ಪು ಕಪ್ಪಾಗಿ, ಬೆಳ್ಳಿ ಬೆಳ್ಳಿಯಾಗಿ ಬರುತ್ತದೆ. ಬೆಳಕು ಬದಲಾಗದಿರುವವರೆಗೆ ಮುಂದಿನ ತಟ್ಟೆ, ಅದರ ಮುಂದಿನ ಹೂದಾನಿ, ಎಲ್ಲವೂ ಒಂದೇ ಕುಟುಂಬದವುಗಳಂತೆ ಕಾಣುತ್ತವೆ. ಮೋಡ ಅಡ್ಡ ಬಂದರೆ ಕಾರ್ಡ್ ಮತ್ತೆ ಇಟ್ಟು ಅಳೆಯಬೇಕು.

ಬೆಳ್ಳಿಯ ಹೊಳಪಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ನುಣುಪು ಲೋಹ ತನ್ನ ಬಣ್ಣಕ್ಕಿಂತ ಹೆಚ್ಚಾಗಿ ಎದುರಿಗಿರುವುದನ್ನು ತೋರಿಸುತ್ತದೆ, ಆದ್ದರಿಂದ ಬೆಳ್ಳಿ ಎಲ್ಲೋ ಸುಟ್ಟಂತೆ ಬಿಳಿಯಾಗಿದ್ದರೆ ಎಕ್ಸ್‌ಪೋಷರ್ ಇಳಿಸುವ ಮೊದಲು ಮೇಜನ್ನು ಒಂದಿಷ್ಟು ತಿರುಗಿಸಿ ನೋಡಿ. ಇದನ್ನು ಯಾವ ಮೋಡ್ ಕೂಡ ಮಾಡಿಕೊಡಲಾರದು. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಫೈಲ್‌ನಲ್ಲಿ ತೆಗೆಯಿರಿ. 14 ಬಿಟ್‌ನ ರಾ ಫೈಲ್ ಪ್ರತಿ ಬಣ್ಣಕ್ಕೆ 16,384 ಮಟ್ಟಗಳನ್ನು ಇಟ್ಟುಕೊಳ್ಳಬಲ್ಲದು, ಜೆಪೆಗ್ 256ನ್ನು ಮಾತ್ರ. ಕಡುಕಪ್ಪಿನೊಳಗಿನ ಸಣ್ಣ ವ್ಯತ್ಯಾಸಗಳನ್ನು ಆಮೇಲೆ ಎಬ್ಬಿಸಬೇಕಾದಾಗ ಈ ಅಂತರ ಕಣ್ಣಿಗೇ ಕಾಣುತ್ತದೆ.

ಜಾತ್ರೆಯಲ್ಲಿ ಕೆಟ್ಟದ್ದೇನು ಎಂಬುದನ್ನು ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ತೇರು ಎಳೆಯುವುದು ಸಂಜೆ. ಸೂರ್ಯ ಮುಳುಗುವ ಹೊತ್ತಿಗೆ ಕೆಲವೇ ನಿಮಿಷಗಳಲ್ಲಿ ಬೆಳಕು ಅರ್ಧಕ್ಕಿಳಿಯುತ್ತದೆ, ಮತ್ತೆ ಅರ್ಧಕ್ಕಿಳಿಯುತ್ತದೆ. ನೀವು ಜನರ ಕಡೆಗೆ ತಿರುಗಿದರೆ ಒಂದು ಬೆಳಕು, ಪಡುವಣದ ಆಕಾಶಕ್ಕೆ ಎದುರಾಗಿ ತೇರಿನ ಕಡೆಗೆ ತಿರುಗಿದರೆ ಇನ್ನೊಂದು. ಇದರ ಮೇಲೆ 18-55ರಂತಹ ಲೆನ್ಸಿನ ಅಪರ್ಚರ್ ಜೂಮ್ ಜೊತೆಗೆ ಬದಲಾಗುತ್ತದೆ. ಅಗಲದಲ್ಲಿ ಎಫ್/3.5 ಇದ್ದದ್ದು 55ಕ್ಕೆ ಹೋದಾಗ ಎಫ್/5.6 ಆಗಿ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ನೀವು ಯಾವ ಡಯಲನ್ನೂ ಮುಟ್ಟಿರುವುದಿಲ್ಲ, ಕಳಸವನ್ನು ಹತ್ತಿರ ತಂದುಕೊಳ್ಳಲು ಜೂಮ್ ಮಾಡಿರುತ್ತೀರಿ, ಅಷ್ಟಕ್ಕೇ ಫೋಟೊ ಕಪ್ಪಾಗಿರುತ್ತದೆ.

ಇಂತಹ ಕಡೆ ನಾನು ಸೂಚಿಸುವ ಹೊಂದಾಣಿಕೆ ಹೀಗಿದೆ. ಎಂ ಮೋಡ್‌ನಲ್ಲೇ ಇರಿ, ಆದರೆ ಐಎಸ್‌ಒವನ್ನು ಆಟೋಗೆ ಬಿಡಿ. ಷಟರ್ ನಿಮ್ಮದು: ಹಗ್ಗ ಎಳೆಯುವ ಕೈಗಳಿಗೆ ಸೆಕೆಂಡಿನ 1/500, ಭಕ್ತರು ತೇರಿನ ಮೇಲೆ ಎಸೆಯುವ ಉತ್ತತ್ತಿ, ಬಾಳೆಹಣ್ಣುಗಳನ್ನು ಗಾಳಿಯಲ್ಲೇ ನಿಲ್ಲಿಸಬೇಕೆಂದರೆ 1/1000. ಅಪರ್ಚರ್ ನಿಮ್ಮದು: ಎಷ್ಟು ಆಳದವರೆಗೆ ಜನ ಸ್ಪಷ್ಟವಾಗಿ ಕಾಣಬೇಕೆಂಬುದನ್ನು ಅದು ತೀರ್ಮಾನಿಸುತ್ತದೆ. ಇವೆರಡೂ ಚಿತ್ರದ ಅರ್ಥವನ್ನು ಬದಲಿಸುತ್ತವೆ. ಐಎಸ್‌ಒ ಅರ್ಥವನ್ನು ಬದಲಿಸುವುದಿಲ್ಲ, ಒಂದಿಷ್ಟು ನಾಯ್ಸ್ ಸೇರಿಸುತ್ತದೆ ಅಷ್ಟೆ, ಅದಕ್ಕೇ ಏರಿಳಿಯುವ ಬೆಳಕಿನ ಹಿಂದೆ ಓಡುವ ಕೆಲಸವನ್ನು ಅದಕ್ಕೆ ವಹಿಸಬಹುದು. ಗರಿಷ್ಠ ಮಿತಿಯನ್ನು 6400ಕ್ಕೆ ಇಟ್ಟುಕೊಳ್ಳಿ. ಕತ್ತಲಾಗಿ ಆ ಮಿತಿಯೂ ಸಾಲದಾದಾಗ ಷಟರನ್ನು 1/250ಕ್ಕೆ ಇಳಿಸುವ ನಿರ್ಧಾರ ನಿಮ್ಮದೇ ಆಗಿರಲಿ. ಆಕಾಶವನ್ನು ಬೆನ್ನಿಗಿಟ್ಟುಕೊಂಡ ತೇರಿಗೆ ಕಾಂಪೆನ್ಸೇಷನ್ ಒಂದು ಸ್ಟಾಪ್ ಏರಿಸಿ, ಜನರ ಕಡೆ ತಿರುಗಿದಾಗ ಸೊನ್ನೆಗೆ ತನ್ನಿ. ಈಚಿನ ಬಹುತೇಕ ಕ್ಯಾಮೆರಾಗಳಲ್ಲಿ ಎಂ ಮತ್ತು ಆಟೋ ಐಎಸ್‌ಒ ಕೂಡಿದಾಗಲೂ ಈ ಗುಂಡಿ ಕೆಲಸ ಮಾಡುತ್ತದೆ. ಎತ್ತಿಗೆ ಹಗ್ಗ ಬಿಟ್ಟು ಮೇಳಿ ಹಿಡಿದ ರೈತನಂತೆ, ನಡೆಯುವ ಶ್ರಮ ಅದರದು, ಸಾಲು ನಿಮ್ಮದು.

ಯಾದಗಿರಿ ಕಡೆಯ ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆಗೆ ಸಂಕ್ರಾಂತಿಯಲ್ಲಿ ಹೋಗುವ ಯೋಚನೆ ನಿಮಗಿದ್ದರೆ ಇನ್ನೊಂದು ವಿಷಯವನ್ನು ತಿಳಿದಿರಬೇಕು. ಅಲ್ಲಿ ಭಂಡಾರ ತೂರುವಾಗ ಇಡೀ ಚೌಕಟ್ಟು ಹಳದಿಯಾಗುತ್ತದೆ. ಹಳದಿಯೆಂದರೆ ಸೆನ್ಸರಿನ ಲೆಕ್ಕದಲ್ಲಿ ಕೆಂಪು ಮತ್ತು ಹಸಿರು ಎರಡೂ ತುಂಬಿ, ನೀಲಿ ಬಹುತೇಕ ಖಾಲಿ. ಒಟ್ಟು ಹೊಳಪಿನ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆಯ ನಕ್ಷೆ) ಎಲ್ಲವೂ ಸರಿಯಿದೆ ಎಂದು ತೋರಿಸುತ್ತಿರುವಾಗಲೇ ಕೆಂಪು ಮೇಲಂಚಿಗೆ ಬಡಿದಿರಬಹುದು, ಆಗ ಅರಿಸಿನದ ಮೋಡದೊಳಗಿನ ಸೂಕ್ಷ್ಮ ಪದರಗಳೆಲ್ಲ ಹೋಗಿ ಹಳದಿ ಬಣ್ಣ ಬಳಿದ ಗೋಡೆಯಂತೆ ಬರುತ್ತದೆ. ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ತೆರೆದಿಟ್ಟುಕೊಂಡು, ಕೆಂಪು ಅಂಚು ಮುಟ್ಟದಂತೆ ಕಾಂಪೆನ್ಸೇಷನ್ ಇಳಿಸಿ. ಧೂಳಿಗೆ ಲೆನ್ಸಿನ ಮುಂದೆ ಫಿಲ್ಟರ್ ಹಾಕಿಕೊಳ್ಳಿ, ಬಯಲಿನಲ್ಲಿ ಲೆನ್ಸ್ ಬದಲಿಸಬೇಡಿ.

ಫೋಕಸ್ ವಿಷಯದಲ್ಲಿ ನಾನು ಯಂತ್ರದ ಪರವಾಗಿದ್ದೇನೆ. ನಡೆದು ಬರುವ ವ್ಯಕ್ತಿಯ ಕಣ್ಣನ್ನು ಹಿಡಿದು, ಹೆಜ್ಜೆ ಹೆಜ್ಜೆಗೂ ಬಿಡದೆ ಹಿಂಬಾಲಿಸುವ ಕೆಲಸದಲ್ಲಿ ಈಗಿನ ಆಟೋಫೋಕಸ್ಸನ್ನು ಮನುಷ್ಯನ ಕೈ ಸರಿಗಟ್ಟಲಾರದು, ಅದನ್ನು ಬಳಸದಿರುವುದು ವ್ಯರ್ಥ ಹಟ. ಆದರೆ ಯಾರ ಕಣ್ಣು ಎಂಬುದನ್ನು ಅದು ತಿಳಿಯದು. ನೂರು ಮುಖಗಳ ನಡುವೆ ಅದು ಹತ್ತಿರದ ಅಥವಾ ದೊಡ್ಡದಾದ ಮುಖವನ್ನು ಆರಿಸಿಕೊಳ್ಳುವ ಸಂಭವವೇ ಹೆಚ್ಚು, ನಿಮಗೆ ಬೇಕಾದ ಅಜ್ಜಿ ಮೂರನೆಯ ಸಾಲಿನಲ್ಲಿರುತ್ತಾಳೆ. ಆಗ ಫೋಕಸ್ ಚೌಕವನ್ನು ನೀವೇ ಆಕೆಯ ಮೇಲಿಟ್ಟು, ಅಲ್ಲಿಂದಾಚೆ ಹಿಂಬಾಲಿಸುವುದನ್ನು ಕ್ಯಾಮೆರಾಗೆ ಬಿಡಿ. ಮದುವೆಯಲ್ಲಿ ವರನ ಮುಖದ ಮೇಲೆ ಹೂವಿನ ಸೆಹ್ರಾ ಇಳಿಬಿದ್ದಿದ್ದರೆ ಕಣ್ಣು ಹುಡುಕುವ ಆಟೋಫೋಕಸ್ ಹೂವಿನ ಎಳೆಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಕಣ್ಣು ಹುಡುಕುವ ಸೌಲಭ್ಯವನ್ನು ಆಫ್ ಮಾಡಿ, ಅತಿ ಸಣ್ಣ ಚೌಕವನ್ನು ಎಳೆಗಳ ಸಂದಿನಲ್ಲಿ ಕಾಣುವ ಕಣ್ಣಿನ ಮೇಲೆ ಕೂರಿಸಬೇಕು. ಕಲ್ಯಾಣ ಮಂಟಪದ ದೀಪಗಳು ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುವುದರಿಂದ 1/100 ಅಥವಾ 1/50 ಷಟರ್ ಅಲ್ಲಿ ಸುರಕ್ಷಿತ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಬಳಸಿದರೆ ಎಲ್‌ಇಡಿ ಬೆಳಕಿನಲ್ಲಿ ಅಡ್ಡಪಟ್ಟಿಗಳು ಬೀಳಬಹುದು.

ಕೋಟೆ, ಗುಮ್ಮಟಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಮಹಮೂದ್ ಗವಾನ್ ಮದರಸಾದ ಮುಂಭಾಗವನ್ನೋ ಬೀದರ್ ಕೋಟೆಯ ಉದ್ದನೆಯ ಗೋಡೆಯನ್ನೋ ನಾಲ್ಕಾರು ಫೋಟೊಗಳಾಗಿ ತೆಗೆದು ಜೋಡಿಸುವುದಾದರೆ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಬೀಗ ಹಾಕಿದಂತೆ ನಿಲ್ಲಿಸಬೇಕು. ಇಲ್ಲವಾದರೆ ಜೋಡಣೆಯ ಗೆರೆ ಆಕಾಶದಲ್ಲಿ ಎದ್ದು ಕಾಣುತ್ತದೆ. ಬೀದರ್ ಬಳಿಯ ಅಷ್ಟೂರಿನ ಗುಮ್ಮಟದ ಒಳಗಿನಂತೆ ಬಾಗಿಲಲ್ಲಿ ಬಿಸಿಲು, ಒಳಗೆ ಕತ್ತಲೆ ಇರುವ ಕಡೆ ಕ್ಯಾಮೆರಾದ ಬ್ರಾಕೆಟಿಂಗ್ ಬಳಸಿ. ಒಂದೇ ಒತ್ತಿಗೆ ಮೂರು ಬೇರೆ ಬೇರೆ ಎಕ್ಸ್‌ಪೋಷರ್ ತೆಗೆದುಕೊಡುವ ಈ ಸೌಲಭ್ಯ ಯಂತ್ರದ ಬಹಳ ಒಳ್ಳೆಯ ಕೊಡುಗೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗುವುದರಿಂದ, ಉಸಿರು ಹಿಡಿದು ಕಂಬಕ್ಕೊರಗಿ ತೆಗೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ಹೊರಗಿನ ಸುಡುಬಿಸಿಲಿಗೆ ಮೀಟರೇ ಬೇಡ. ಐಎಸ್‌ಒ 100ರಲ್ಲಿ ಎಫ್/16ಕ್ಕೆ 1/125 ಎಂಬ ಹಳೆಯ ಲೆಕ್ಕ, ಅಂದರೆ ಎಫ್/8ಕ್ಕೆ 1/500, ಬೇಸಿಗೆಯ ಕಲಬುರಗಿಯಲ್ಲಿ ಇವತ್ತಿಗೂ ಸರಿಯಾಗಿ ಹೊಂದುತ್ತದೆ. ಇದನ್ನು ಬಾಯಿಪಾಠ ಮಾಡಿಕೊಂಡರೆ ಕ್ಯಾಮೆರಾ ತಪ್ಪಿದಾಗ ತಪ್ಪಿದೆ ಎಂದು ಗೊತ್ತಾಗುತ್ತದೆ.

ಕಡೆಯದಾಗಿ ತಂದೆಯವರ ಲೆನ್ಸ್. ಅದನ್ನು ಮಾರಬೇಡಿ. ಬೇರೆಯವರ ಕಪಾಟಿನಲ್ಲಿ ಅದು ಹಳೆಯ ಸಾಮಾನು, ನಿಮ್ಮ ಕೆಲಸಕ್ಕೆ ಮಾತ್ರ ಹೇಳಿ ಮಾಡಿಸಿದಂತಿದೆ. ಮಾರುಕಟ್ಟೆಯಲ್ಲಿ ಸಿಗುವ ಅಡಾಪ್ಟರ್ ರಿಂಗ್ ತಂದು ನಿಮ್ಮ ಮಿರರ್‌ಲೆಸ್‌ಗೆ ಜೋಡಿಸಿ. ಕ್ಯಾಮೆರಾದಲ್ಲಿರುವುದು ಎಪಿಎಸ್-ಸಿ (ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದಾದ) ಸೆನ್ಸರ್ ಆಗಿದ್ದರೆ ಸುಮಾರು 75 ಎಂಎಂ ಲೆನ್ಸ್ ನೋಡುವಷ್ಟೇ ಅಗಲ ಕಾಣುತ್ತದೆ. ಹೂಜಿಯ ಆಕಾರ ಉಬ್ಬಿ ಕೆಡದಂತೆ ತೆಗೆಯಲು ಅದು ಹಿತವಾದ ದೂರ. ನುಣುಪು ಕಪ್ಪಿನ ಮೇಲೆ ಆಟೋಫೋಕಸ್ ಹಿಂದೆ ಮುಂದೆ ತಡಕಾಡುವುದನ್ನು ನೀವು ಕಂಡೇ ಇರುತ್ತೀರಿ, ಹಿಡಿಯಲು ಗೆರೆಯೇ ಇಲ್ಲದ ಜಾಗವದು. ಈ ಲೆನ್ಸಿನಲ್ಲಿ ವ್ಯೂಫೈಂಡರಿನ ಚಿತ್ರವನ್ನು ಹಿಗ್ಗಿಸಿ ನೋಡುತ್ತ, ನಿಮಗೆ ಅತಿ ಹತ್ತಿರವಿರುವ ಬೆಳ್ಳಿ ತಂತಿಯ ಅಂಚು ಚೂಪಾಗುವವರೆಗೆ ರಿಂಗ್ ತಿರುಗಿಸಿ, ಅಲ್ಲಿಂದ ಫೋಕಸ್ಸನ್ನು ಕೂದಲೆಳೆಯಷ್ಟು ಹೂಜಿಯ ಹಿಂಬದಿಯ ಕಡೆಗೆ ಸರಿಸಿ ನಿಲ್ಲಿಸಿ. ಎಫ್/8ರ ಆಳ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಲೆನ್ಸ್ ತೀರ ಹತ್ತಿರಕ್ಕೆ ಫೋಕಸ್ ಆಗದಿದ್ದರೆ ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಕೂರಿಸುವ ಒಂದು ತೆಳು ಎಕ್ಸ್‌ಟೆನ್ಷನ್ ಟ್ಯೂಬ್ ಸಾಕು. ಮೊದಲ ದಿನ ಕ್ಯಾಮೆರಾ ಕ್ಲಿಕ್ಕಿಸಲು ನಿರಾಕರಿಸಿದರೆ ಗಾಬರಿಯಾಗಬೇಡಿ: ಲೆನ್ಸಿನಿಂದ ಯಾವ ವಿದ್ಯುತ್ ಸಂಕೇತವೂ ಬಾರದ ಕಾರಣ ಲೆನ್ಸೇ ಇಲ್ಲವೆಂದು ಅದು ತಿಳಿದಿರುತ್ತದೆ. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಷಟರ್ ಬಿಡುಗಡೆ’ ಎಂಬರ್ಥದ ಆಯ್ಕೆಯನ್ನು ಹುಡುಕಿ ಅದಕ್ಕೆ ಒಪ್ಪಿಗೆ ಕೊಡಿ. ಕ್ಯಾಮೆರಾದ ದೇಹದಲ್ಲೇ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಫೋಕಲ್ ಲೆಂಗ್ತ್ 50 ಎಂದು ಕೈಯಾರೆ ನಮೂದಿಸಿ, ಟ್ರೈಪಾಡ್ ಮೇಲಿಟ್ಟಾಗ ಆ ವ್ಯವಸ್ಥೆಯನ್ನು ಆಫ್ ಮಾಡಿಬಿಡಿ.